ಪೇಜ್ ತೆರೆಯುತ್ತಿಲ್ಲ: ತಪ್ಪು ಎಲ್ಲಿದೆ ಎಂದು ಹುಡುಕುವುದು ಹೇಗೆ?

ಕಳೆದ ಮಳೆಗಾಲದಲ್ಲಿ ಕೊಡಗಿನ ಕಕ್ಕಬ್ಬೆ ಕಡೆಯ ಹೋಂಸ್ಟೇ ಒಂದರಿಂದ ಫೋನ್ ಬಂತು. ಅವರ ಬುಕಿಂಗ್ ಪೇಜ್ ಮಾಡಿಕೊಟ್ಟವನು ನಾನು. "ರೂಮಿನ ರೇಟು ಬದಲಾಯಿಸಿ ಎರಡು ದಿನ ಆಯ್ತಪ್ಪ. ನನ್ನ ಫೋನಲ್ಲಿ ಹೊಸ ರೇಟೇ ಇದೆ. ಬೆಂಗಳೂರಿನ ಗೆಸ್ಟ್ ಒಬ್ಬರು ಹಳೇ ರೇಟಿನ ಫೋಟೋ ಕಳಿಸಿ, ಇದೇ ರೇಟಿಗೆ ಕೊಡಿ ಅಂತಿದ್ದಾರೆ. ಸುಳ್ಳು ಯಾರದು?" ಎಂದು ಆ ಅಕ್ಕ ಕೇಳಿದರು.

ಯಾರದೂ ಸುಳ್ಳಲ್ಲ. ಎರಡು ಫೋನೂ ತಮಗೆ ಗೊತ್ತಿದ್ದನ್ನೇ ತೋರಿಸುತ್ತಿದ್ದವು. ಅದು ಹೇಗೆ ಎಂಬುದನ್ನು ಮುಂದೆ ಹೇಳುತ್ತೇನೆ.

ಕೊಡಗಿನಲ್ಲಿ ಈಗ ಹೋಂಸ್ಟೇ ನಡೆಸುವ ಎಷ್ಟೋ ಜನರಿಗೆ ಸ್ವಂತ ಬುಕಿಂಗ್ ಪೇಜ್ ಇದೆ. ಕಾಫಿ ಪುಡಿ, ಕರಿಮೆಣಸು, ಜೇನು ನೇರವಾಗಿ ಮಾರುವವರಿಗೂ ವೆಬ್‌ಸೈಟ್ ಇದೆ. ಬೆಂಗಳೂರಿನ ಕೆಲಸವನ್ನು ಮನೆಯಲ್ಲೇ ಕುಳಿತು ಮಾಡುವ ಹುಡುಗ ಹುಡುಗಿಯರಿದ್ದಾರೆ. ಪೇಜ್ ಕೈಕೊಟ್ಟರೆ ಕೇಳಲು ಪಕ್ಕದ ಮೇಜಿನಲ್ಲಿ ಸೀನಿಯರ್ ಇರುವುದಿಲ್ಲ. ಹಾಗಾದಾಗ ಹೆಚ್ಚಿನವರು ಕಣ್ಣಿಗೆ ಬಿದ್ದದ್ದನ್ನೆಲ್ಲ ಬದಲಾಯಿಸಲು ಶುರು ಮಾಡುತ್ತಾರೆ. ಒಂದು ತಪ್ಪು ಮೂರಾಗುವುದು ಅಲ್ಲೇ. ಕೋಡ್ ಬರೆಯದವರಿಗೂ ಈ ಬರಹದ ಮೊದಲ ಭಾಗ ಉಪಯೋಗಕ್ಕೆ ಬರುತ್ತದೆ.

ಒಂದು ಪೇಜ್ ನಿಮ್ಮ ತನಕ ಬರುವ ದಾರಿ

ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ, ಅಂದರೆ ಕಾಫಿ ಹೂ ಬಿಡಲು ಬೇಕಾದ ಮಳೆ, ಬಾರದಿದ್ದರೆ ರೋಬಸ್ಟಾ ಕಾಫಿ ತೋಟಕ್ಕೆ ಸ್ಪ್ರಿಂಕ್ಲರ್ ಹಾಕುತ್ತಾರೆ. ಕೆರೆಯಲ್ಲಿ ನೀರಿರಬೇಕು, ಮೋಟರ್ ಓಡಬೇಕು, ಪೈಪ್ ಸರಿಯಿರಬೇಕು, ಕೊನೆಯಲ್ಲಿ ಸ್ಪ್ರಿಂಕ್ಲರ್ ತಿರುಗಬೇಕು. ನೀರು ಬರದಿದ್ದರೆ ತಿಳಿದವರು ಎಲ್ಲ ಪೈಪ್ ಬಿಚ್ಚುವುದಿಲ್ಲ. ಮೋಟರಿನ ಸದ್ದು ಕೇಳುತ್ತಾರೆ. ನಡುವಿನ ಜಾಯಿಂಟ್ ಒಂದನ್ನು ಬಿಚ್ಚಿ ಅಲ್ಲಿಯವರೆಗೆ ನೀರು ಬಂದಿದೆಯೇ ನೋಡುತ್ತಾರೆ. ಬಂದಿದ್ದರೆ ತೊಂದರೆ ಆಚೆಗಿದೆ, ಬಂದಿಲ್ಲವಾದರೆ ಈಚೆಗಿದೆ.

ವೆಬ್ ಪೇಜ್ ಕೂಡ ಹೀಗೆಯೇ ಹಂತ ಹಂತವಾಗಿ ಬರುತ್ತದೆ. ಸೈಟಿನ ಫೈಲುಗಳು, ಮಾಹಿತಿ ಎಲ್ಲ ಇರುವ ದೂರದ ಕಂಪ್ಯೂಟರಿಗೆ ಸರ್ವರ್ ಎನ್ನುತ್ತಾರೆ. ಅದು ಕೆರೆ. ನಿಮ್ಮ ಫೋನಿನಲ್ಲಿರುವ ಕ್ರೋಮ್, ಫೈರ್‌ಫಾಕ್ಸ್, ಸಫಾರಿಯಂಥ ತಂತ್ರಾಂಶವೇ ಬ್ರೌಸರ್. ನೀವು ಸೈಟಿನ ಹೆಸರು ಬರೆದ ಕೂಡಲೇ ಬ್ರೌಸರ್ ಮೊದಲು ಆ ಹೆಸರಿಗೆ ಸೇರಿದ ನಂಬರನ್ನು ವಿಚಾರಿಸುತ್ತದೆ. ನಮ್ಮ ಊರುಗಳಲ್ಲಿ ಮನೆ ಹೆಸರು ಹೇಳಿದರೆ ಸಾಕು, ಪೋಸ್ಟ್‌ಮ್ಯಾನ್‌ಗೆ ಯಾವ ದಾರಿ, ಯಾವ ಗೇಟು ಎಂದು ಗೊತ್ತು. ಇಂಟರ್ನೆಟ್ಟಿನಲ್ಲಿ ಆ ಕೆಲಸ ಮಾಡುವ ವ್ಯವಸ್ಥೆಯ ಹೆಸರು ಡಿಎನ್‌ಎಸ್.

ನಂಬರ್ ಸಿಕ್ಕ ಮೇಲೆ ಬ್ರೌಸರ್ ಸರ್ವರಿಗೆ ಕೋರಿಕೆ ಕಳಿಸುತ್ತದೆ. ಉತ್ತರವಾಗಿ ಮುಖ್ಯವಾಗಿ ಮೂರು ಬಗೆಯ ಫೈಲು ಬರುತ್ತವೆ. ಎಚ್‌ಟಿಎಂಎಲ್ ಮನೆಯ ಗೋಡೆ, ಬಾಗಿಲು. ಸಿಎಸ್‌ಎಸ್ ಬಣ್ಣ, ಅಲಂಕಾರ. ಜಾವಾಸ್ಕ್ರಿಪ್ಟ್ ಮನೆಯ ಸ್ವಿಚ್ಚು, ವೈರಿಂಗ್. ಎಚ್‌ಟಿಎಂಎಲ್‌ನಲ್ಲಿ ಸಣ್ಣ ತಪ್ಪಿದ್ದರೆ ಬ್ರೌಸರ್ ಹೇಗೋ ಹೊಂದಿಸಿಕೊಂಡು ಪೇಜ್ ತೋರಿಸುತ್ತದೆ. ಜಾವಾಸ್ಕ್ರಿಪ್ಟ್ ತಪ್ಪಿದರೆ ಆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಪೇಜ್ ಚೆನ್ನಾಗಿಯೇ ಕಾಣುತ್ತದೆ, ಆದರೆ ಬಟನ್ ಒತ್ತಿದರೆ ಏನೂ ಆಗುವುದಿಲ್ಲ. ಗೋಡೆ ಇದೆ, ಕರೆಂಟ್ ಇಲ್ಲ.

ಕೋಡ್ ಮುಟ್ಟುವ ಮೊದಲು ಕೇಳಬೇಕಾದದ್ದು

ಇದು ನಿಮ್ಮ ಫೋನಿನಲ್ಲಿ ಮಾತ್ರವೋ, ಬೇರೆಯವರ ಫೋನಿನಲ್ಲೂ ಹೀಗೆಯೇ? ಎಲ್ಲರಿಗೂ ಆಗುತ್ತಿದ್ದರೆ ಸರ್ವರ್ ಅಥವಾ ಕೋಡಿನ ಕಡೆ ನೋಡಬೇಕು. ನಿಮಗೊಬ್ಬರಿಗೇ ಆಗಿದ್ದರೆ ನಿಮ್ಮ ಬ್ರೌಸರ್, ನಿಮ್ಮ ನೆಟ್.

ವೈಫೈ ಬಿಟ್ಟು ಮೊಬೈಲ್ ಡೇಟಾದಲ್ಲಿ ನೋಡಿದರೆ ಬರುತ್ತದೆಯೇ? ಬಂದರೆ ತೊಂದರೆ ದಾರಿಯಲ್ಲಿದೆ.

ಪ್ರೈವೇಟ್ ವಿಂಡೋದಲ್ಲಿ ತೆರೆದರೆ? ಕ್ರೋಮ್‌ನಲ್ಲಿ ಇದಕ್ಕೆ ಇನ್‌ಕಾಗ್ನಿಟೋ ಎನ್ನುತ್ತಾರೆ. ಅಲ್ಲಿ ಹಳೆಯ ನೆನಪು, ಹಳೆಯ ಲಾಗಿನ್ ಇರುವುದಿಲ್ಲ. ಎಕ್ಸ್‌ಟೆನ್ಶನ್‌ಗಳು, ಅಂದರೆ ನೀವು ಬ್ರೌಸರಿಗೆ ಸೇರಿಸಿಕೊಂಡ ಪುಟ್ಟ ತಂತ್ರಾಂಶಗಳು, ಕ್ರೋಮ್‌ನಲ್ಲಿ ನೀವು ಅನುಮತಿ ಕೊಡದೆ ಅಲ್ಲಿ ಓಡುವುದಿಲ್ಲ. ಪ್ರೈವೇಟ್ ವಿಂಡೋದಲ್ಲಿ ಸರಿ ಇದ್ದರೆ ಮೊದಲ ಅನುಮಾನ ನಿಮ್ಮ ಬ್ರೌಸರಿನ ಹಳೆಯ ನೆನಪು, ಎಕ್ಸ್‌ಟೆನ್ಶನ್ ಮೇಲಿರಲಿ. ಜಾಹೀರಾತು ತಡೆಯುವ ಎಕ್ಸ್‌ಟೆನ್ಶನ್ ಎಷ್ಟೋ ಸಲ ನಮ್ಮದೇ ಚಿತ್ರವನ್ನು ಮರೆಮಾಡುತ್ತದೆ. ಫೈಲಿನ ಹೆಸರಿನಲ್ಲಿ "ಆ್ಯಡ್" ಎಂಬರ್ಥದ ಪದ ಇದ್ದರೆ ಅದಕ್ಕೆ ಅಷ್ಟೇ ಸಾಕಾಗಬಹುದು.

ಈ ಮೂರಕ್ಕೆ ಐದು ನಿಮಿಷವೂ ಬೇಡ. ಅರ್ಧ ದಾರಿ ಕಳೆದಿರುತ್ತದೆ.

ಎಫ್12: ಬ್ರೌಸರ್ ತಾನೇ ಹೇಳುತ್ತದೆ

ಕಂಪ್ಯೂಟರಿನಲ್ಲಿ ಯಾವುದಾದರೂ ಪೇಜ್ ತೆರೆದು ಎಫ್12 ಕೀ ಒತ್ತಿ. ಪಕ್ಕದಲ್ಲೋ ಕೆಳಗೋ ಒಂದು ಹಲಗೆ ತೆರೆದುಕೊಳ್ಳುತ್ತದೆ. ಇದಕ್ಕೆ ಡೆವಲಪರ್ ಟೂಲ್ಸ್ ಎನ್ನುತ್ತಾರೆ. 2006ರಲ್ಲಿ ಫೈರ್‌ಫಾಕ್ಸ್‌ಗೆ ಫೈರ್‌ಬಗ್ ಎಂಬ ಎಕ್ಸ್‌ಟೆನ್ಶನ್ ಬಂದು ಈ ಬಗೆಯ ಟೂಲನ್ನು ಎಲ್ಲೆಡೆ ಬಳಕೆಗೆ ತಂದಿತು. ಈಗ ಮುಖ್ಯ ಬ್ರೌಸರುಗಳಲ್ಲೆಲ್ಲ ಇದು ಒಳಗೇ ಇದೆ. ನೋಡಿದರೆ ಏನೂ ಹಾಳಾಗುವುದಿಲ್ಲ, ಹೆದರಬೇಡಿ.

ಮೊದಲು ನೋಡಬೇಕಾದದ್ದು ಕನ್ಸೋಲ್. ಜಾವಾಸ್ಕ್ರಿಪ್ಟ್ ಎಲ್ಲಿ ಎಡವಿತೋ ಅದು ಇಲ್ಲಿ ಕೆಂಪು ಸಾಲಾಗಿ ಬರುತ್ತದೆ. ಹತ್ತು ಕೆಂಪು ಸಾಲಿದ್ದರೆ ಎಲ್ಲಕ್ಕಿಂತ ಮೊದಲು ಬಂದದ್ದನ್ನೇ ಓದಿ. ಉಳಿದವು ಹೆಚ್ಚಾಗಿ ಅದರ ಬೆನ್ನು ಹಿಡಿದು ಬಂದವು. ತುಂಬ ಸಲ ಕಾಣುವ ಒಂದು ಸಾಲು "ಕೆನಾಟ್ ರೀಡ್ ಪ್ರಾಪರ್ಟೀಸ್ ಆಫ್ ಅನ್‌ಡಿಫೈನ್ಡ್". ಮೂಟೆಯೇ ಬಂದಿಲ್ಲ, ಅದರೊಳಗಿನ ಕಾಫಿಯ ತೂಕ ಹೇಳು ಎಂದು ಕೋಡ್ ಕೇಳಿದೆ ಎಂದರ್ಥ. ತೂಕದ ಲೆಕ್ಕದಲ್ಲಿ ತಪ್ಪು ಹುಡುಕಿದರೆ ಸಿಗದು. ಮೂಟೆ ಯಾಕೆ ಬರಲಿಲ್ಲ ಎಂದು ನೋಡಬೇಕು.

ಅದಕ್ಕೆ ಪಕ್ಕದ ನೆಟ್‌ವರ್ಕ್ ಭಾಗಕ್ಕೆ ಹೋಗಿ. ಪೇಜನ್ನು ಮತ್ತೆ ಲೋಡ್ ಮಾಡಿ. ಬ್ರೌಸರ್ ಕೇಳಿದ ಪ್ರತಿಯೊಂದು ಫೈಲೂ ಒಂದೊಂದು ಸಾಲಾಗಿ ಬರುತ್ತದೆ. ಪ್ರತಿ ಸಾಲಿಗೂ ಮೂರು ಅಂಕಿಯ ಒಂದು ಸಂಖ್ಯೆ ಇರುತ್ತದೆ. ಅದು ಸರ್ವರ್ ಕೊಟ್ಟ ಉತ್ತರ. ಮೊದಲ ಅಂಕಿ ನೋಡಿದರೇ ಅರ್ಧ ತಿಳಿಯುತ್ತದೆ. 2ರಿಂದ ಶುರುವಾದರೆ ಕೊಟ್ಟಿದ್ದೇನೆ. 3 ಆದರೆ ಬೇರೆ ಕಡೆ ಹೋಗು, ಅಥವಾ 304 ಆಗಿದ್ದರೆ ನಿನ್ನ ಹತ್ತಿರ ಇರುವುದೇ ಸಾಕು, ಬದಲಾಗಿಲ್ಲ. 4 ಆದರೆ ನೀನು ಕೇಳಿದ್ದರಲ್ಲಿ ತಪ್ಪಿದೆ. 404 ಎಂದರೆ ಆ ಹೆಸರಿನ ವಸ್ತುವೇ ಇಲ್ಲ, 401 ಎಂದರೆ ಮೊದಲು ನೀನು ಯಾರು ಹೇಳು, 403 ಎಂದರೆ ನಿನಗೆ ಕೊಡುವ ಹಾಗಿಲ್ಲ. 5 ಆದರೆ ತಪ್ಪು ಸರ್ವರ್ ಕಡೆಯದು. 500 ಬಂದರೆ ಸರ್ವರಿನ ಕೋಡ್ ಮುಗ್ಗರಿಸಿದೆ. 502, 504 ಬಂದರೆ ಮುಂಬಾಗಿಲಿನವರು ಇದ್ದಾರೆ, ಒಳಗಿನವರಿಂದ ಸರಿಯಾದ ಉತ್ತರ ಬಂದಿಲ್ಲ. ಸಂಖ್ಯೆಯೇ ಇಲ್ಲದೆ ಬರೀ ಕೆಂಪಾಗಿದ್ದರೆ ಬ್ರೌಸರಿಗೆ ಸರಿಯಾದ ಉತ್ತರವೇ ಸಿಕ್ಕಿಲ್ಲ. ನೆಟ್ ಇಲ್ಲವೋ, ಬ್ರೌಸರೇ ತಡೆಯಿತೋ ನೋಡಬೇಕು.

200 ಕಂಡ ಕೂಡಲೇ ಎಲ್ಲ ಸರಿ ಎಂದುಕೊಳ್ಳಬೇಡಿ. ಕೆಲವು ಸರ್ವರ್‌ಗಳು ತಪ್ಪಿನ ಪುಟವನ್ನೂ 200 ಎಂದು ಕಳಿಸುತ್ತವೆ. ಸಾಲಿನ ಮೇಲೆ ಒತ್ತಿ, ರೆಸ್ಪಾನ್ಸ್ ಎಂಬಲ್ಲಿ ನಿಜವಾಗಿ ಏನು ಬಂದಿದೆ ಎಂದು ಕಣ್ಣಾರೆ ನೋಡಿ. ಪೇಜ್ ಬದಲಾದಾಗ ಪಟ್ಟಿ ಅಳಿಸಿಹೋಗದ ಹಾಗೆ ಪ್ರಿಸರ್ವ್ ಲಾಗ್‌ಗೆ ಟಿಕ್ ಹಾಕಿ.

ಫೋನಿನಲ್ಲಿ ಮಾತ್ರ ತೊಂದರೆ ಇದ್ದರೂ ದಾರಿಯಿದೆ. ಬಹಳಷ್ಟು ಆ್ಯಂಡ್ರಾಯ್ಡ್ ಫೋನುಗಳಲ್ಲಿ ಬಿಲ್ಡ್ ನಂಬರ್ ಮೇಲೆ 7 ಸಲ ಒತ್ತಿದರೆ ಡೆವಲಪರ್ ಆಯ್ಕೆಗಳು ತೆರೆಯುತ್ತವೆ. ಯುಎಸ್‌ಬಿ ಡೀಬಗ್ಗಿಂಗ್ ಆನ್ ಮಾಡಿ, ಕೇಬಲ್ಲಿನಿಂದ ಕಂಪ್ಯೂಟರಿಗೆ ಜೋಡಿಸಿ. ಕ್ರೋಮ್‌ನ ಇನ್‌ಸ್ಪೆಕ್ಟ್ ಪುಟದಲ್ಲಿ ಫೋನಿನೊಳಗಿನ ಪೇಜಿಗೂ ಇದೇ ಕನ್ಸೋಲ್ ಸಿಗುತ್ತದೆ. ಕೆಲಸ ಮುಗಿದ ಮೇಲೆ ಆ ಡೀಬಗ್ಗಿಂಗ್ ಆಫ್ ಮಾಡಿ.

ಆ ಹಳೆಯ ರೇಟು ಎಲ್ಲಿಂದ ಬಂತು?

ಈಗ ಕಕ್ಕಬ್ಬೆಯ ಮಾತು. ಬ್ರೌಸರ್ ಒಮ್ಮೆ ತಂದ ಫೈಲನ್ನು ತನ್ನ ಬಳಿ ಇಟ್ಟುಕೊಳ್ಳುತ್ತದೆ. ಇದಕ್ಕೆ ಕ್ಯಾಶ್ ಎನ್ನುತ್ತಾರೆ. ಮಳೆಗಾಲಕ್ಕೆ ಮೊದಲೇ ಅಕ್ಕಿ, ಬೇಳೆ, ಸೌದೆ ಮನೆ ತುಂಬಿಸಿಕೊಳ್ಳುವ ಹಾಗೆ. ಪ್ರತಿ ಸಲ ಪೇಟೆಗೆ ಓಡಬೇಕಿಲ್ಲ.

ಎಷ್ಟು ದಿನ ಇಟ್ಟುಕೊಳ್ಳಬಹುದು ಎಂದು ಸರ್ವರ್ ಸೆಕೆಂಡುಗಳ ಲೆಕ್ಕದಲ್ಲಿ ಹೇಳುತ್ತದೆ. 86400 ಎಂದರೆ ಒಂದು ದಿನ. ಅಲ್ಲಿ ಸಿಗ್ನಲ್ ಕಡಿಮೆ ಎಂದು ನಾನು ರೇಟಿನ ಫೈಲಿಗೆ 604800 ಕೊಟ್ಟಿದ್ದೆ, ಅಂದರೆ 7 ದಿನ. ಬೆಂಗಳೂರಿನ ಗೆಸ್ಟ್ ರೇಟು ಬದಲಾಗುವ ಮೊದಲೇ ಪೇಜ್ ನೋಡಿದ್ದರು. ಅವರ ಬ್ರೌಸರ್ ಮತ್ತೆ ಕೇಳುವ ಅಗತ್ಯವೇ ಇಲ್ಲ ಎಂದುಕೊಂಡಿತು. ಗೋಡೆಯ ಚಿತ್ರಕ್ಕೆ 7 ದಿನ ಸರಿ. ದಿನಕ್ಕೊಮ್ಮೆ ಬದಲಾಗಬಹುದಾದ ರೇಟಿಗೆ ಅಲ್ಲ. ತಪ್ಪು ನನ್ನದೇ. ಅಕ್ಕ ಆ ಗೆಸ್ಟ್‌ಗೆ ಹಳೇ ರೇಟಿಗೇ ರೂಮ್ ಕೊಟ್ಟರು.

ನಿಮ್ಮ ಕಂಪ್ಯೂಟರಿನಲ್ಲಿ ಇದೇ ಅನುಮಾನ ಬಂದರೆ ಕಂಟ್ರೋಲ್, ಶಿಫ್ಟ್, ಆರ್ ಒಟ್ಟಿಗೆ ಒತ್ತಿ. ಕ್ಯಾಶ್ ಬಿಟ್ಟು ಹೊಸದಾಗಿ ತರುತ್ತದೆ. ನೆಟ್‌ವರ್ಕ್ ಭಾಗದಲ್ಲಿ ಡಿಸೇಬಲ್ ಕ್ಯಾಶ್ ಎಂಬ ಟಿಕ್ ಕೂಡ ಇದೆ, ಆದರೆ ಎಫ್12ರ ಹಲಗೆ ತೆರೆದಿರುವವರೆಗೆ ಮಾತ್ರ ಅದು ಕೆಲಸ ಮಾಡುತ್ತದೆ. ಇದನ್ನು ಮರೆತು "ನನಗೆ ಸರಿ ಕಾಣುತ್ತಿದೆಯಲ್ಲ" ಎನ್ನುವವರು ತುಂಬ ಜನ.

ಗಿರಾಕಿಗಳಿಗೆ "ಕ್ಯಾಶ್ ಕ್ಲಿಯರ್ ಮಾಡಿ" ಎಂದು ಹೇಳುವುದು ಪರಿಹಾರವಲ್ಲ. ಅವರು ಮಾಡುವುದಿಲ್ಲ, ಮಾಡಬೇಕಾಗಿಯೂ ಇಲ್ಲ. ಚಿತ್ರ, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಬದಲಾದಾಗಲೆಲ್ಲ ಫೈಲಿನ ಹೆಸರೂ ಬದಲಾಗುವ ಹಾಗೆ ಮಾಡಿ. ಹೊಸ ಹೆಸರನ್ನು ಬ್ರೌಸರ್ ಹೊಸದಾಗಿಯೇ ತರುತ್ತದೆ. ರೇಟಿನಂಥ ಮಾಹಿತಿಗೆ ಪ್ರತಿ ಸಲ ಸರ್ವರನ್ನು ಕೇಳಿಯೇ ತೋರಿಸು ಎಂದು ಹೇಳಿ. ಬದಲಾಗಿಲ್ಲವಾದರೆ 304 ಬರುತ್ತದೆ, ಡೇಟಾ ಹೆಚ್ಚು ಖರ್ಚಾಗುವುದಿಲ್ಲ.

ಇನ್ನೊಂದು ಇದೆ, ಸರ್ವಿಸ್ ವರ್ಕರ್. ನೆಟ್ ಇಲ್ಲದಾಗಲೂ ಪೇಜ್ ತೆರೆಯುವಂತೆ ಮಾಡಲು ಬ್ರೌಸರಿನೊಳಗೆ ಕೂರುವ ಕೋಡ್ ಅದು. ಹೊಸದು ಬಂದರೂ, ಆ ಸೈಟಿನ ಎಲ್ಲ ಟ್ಯಾಬ್ ಮುಚ್ಚುವವರೆಗೆ ಸಾಮಾನ್ಯವಾಗಿ ಹಳೆಯದೇ ಕೆಲಸ ಮುಂದುವರಿಸುತ್ತದೆ. ರಿಫ್ರೆಶ್ ಮಾಡಿ ಮಾಡಿ ಸಾಕಾದರೆ ಎಫ್12ರ ಅಪ್ಲಿಕೇಶನ್ ಭಾಗದಲ್ಲಿ ಇದು ಇದೆಯೇ ನೋಡಿ.

ಸರ್ವರ್ ಕೊಟ್ಟರೂ ಬ್ರೌಸರ್ ಕೊಡದಿದ್ದಾಗ

ಹೊಸದಾಗಿ ಕಲಿಯುವವರನ್ನು ಹೆಚ್ಚು ಅಳಿಸುವ ಪದ ಸಿಒಆರ್‌ಎಸ್, ಬಾಯಿಮಾತಿನಲ್ಲಿ ಕೋರ್ಸ್. ಒಂದು ಸೈಟಿನ ಪೇಜು ಇನ್ನೊಂದು ಸೈಟಿನ ಮಾಹಿತಿ ಕೇಳಿದಾಗ ಇದು ಎದುರಾಗುತ್ತದೆ. ಸರ್ವರಿಗೆ ನೇರವಾಗಿ ಕೋರಿಕೆ ಕಳಿಸಿ ಟೆಸ್ಟ್ ಮಾಡುವ ಪೋಸ್ಟ್‌ಮ್ಯಾನ್ ಎಂಬ ಟೂಲಿನಲ್ಲಿ ಎಲ್ಲ ಸರಿ ಇರುತ್ತದೆ, ಬ್ರೌಸರಿನಲ್ಲಿ ಮಾತ್ರ ಕೆಂಪು.

ಕ್ಯೂರಿಂಗ್ ವರ್ಕ್ಸ್‌ಗೆ ನಿಮ್ಮ ಕಾಫಿ ಹೋಗಿದೆ ಎಂದುಕೊಳ್ಳಿ. ತೂಕದ ಚೀಟಿ ತರಲು ಬೇರೆ ಯಾರೋ ಹೋಗುತ್ತಾರೆ. ಒಳಗಿನವರು ಚೀಟಿ ಬರೆದುಕೊಡುತ್ತಾರೆ. ಗೇಟಿನಲ್ಲಿ ವಾಚ್‌ಮ್ಯಾನ್ ನೋಡುತ್ತಾನೆ: "ಇವರ ಕೈಗೆ ಕೊಡಬಹುದು ಅಂತ ಚೀಟಿಯಲ್ಲಿ ಬರೆದಿಲ್ಲ." ಹೊರಗೆ ಬಿಡುವುದಿಲ್ಲ. ಆ ವಾಚ್‌ಮ್ಯಾನ್ ಬ್ರೌಸರ್. ಒಂದು ಸೈಟಿನ ಕೋಡ್ ಇನ್ನೊಂದು ಸೈಟಿನ ಮಾಹಿತಿಯನ್ನು ನಿಮಗೆ ಗೊತ್ತಿಲ್ಲದೆ ಓದಬಾರದು ಎಂಬ ಕಾವಲು ಇದು. ಪೋಸ್ಟ್‌ಮ್ಯಾನ್ ಟೂಲಿಗೆ ಅಂಥ ಗೇಟೇ ಇಲ್ಲ.

ಹಾಗಾಗಿ ಪೇಜಿನ ಕೋಡಿನಲ್ಲಿ ಎಷ್ಟು ತಿದ್ದಿದರೂ ಇದು ಸರಿಯಾಗದು. ಅನುಮತಿಯನ್ನು ಸರ್ವರ್ ಬರೆಯಬೇಕು. ಪೋರ್ಟ್ ನಂಬರ್, ಅಂದರೆ ಒಂದೇ ಕಂಪ್ಯೂಟರಿನ ಬೇರೆ ಬೇರೆ ಬಾಗಿಲುಗಳ ಸಂಖ್ಯೆ, ಬೇರೆಯಾದರೂ ಬ್ರೌಸರಿಗೆ ಅದು ಬೇರೆ ಸೈಟೇ ಎಂಬುದು ನೆನಪಿರಲಿ. ಒಂದೇ ಲ್ಯಾಪ್‌ಟಾಪಿನಲ್ಲಿ 3000ದಲ್ಲಿ ಪೇಜ್, 5000ದಲ್ಲಿ ಸರ್ವರ್ ಓಡುತ್ತಿದ್ದರೂ ಅನುಮತಿ ಬೇಕು.

ಗಡಿಯಾರ ತಪ್ಪಿದರೆ ಸೈಟೂ ತೆರೆಯದು

ಮಳೆ ಜಾಸ್ತಿಯಾಗಿ ಎರಡು ಮೂರು ದಿನ ಕರೆಂಟ್ ಇಲ್ಲ. ಬಂದ ಮೇಲೆ ಹಳೆಯ ಕಂಪ್ಯೂಟರ್ ಆನ್ ಮಾಡಿದರೆ ಯಾವ ಸೈಟೂ ಸುರಕ್ಷಿತವಲ್ಲ ಎನ್ನುತ್ತದೆ. ವೈರಸ್ ಎಂದು ಹೆದರುತ್ತಾರೆ. ಮೊದಲು ತಾರೀಕು ನೋಡಿ. ಕರೆಂಟ್ ಇಲ್ಲದಾಗ ಗಡಿಯಾರ ಓಡಿಸಲು ಕಂಪ್ಯೂಟರಿನೊಳಗೆ ನಾಣ್ಯದಂಥ ಸಣ್ಣ ಬ್ಯಾಟರಿ ಇರುತ್ತದೆ. ಅದು ಸತ್ತಿದ್ದರೆ ತಾರೀಕು ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ಸುರಕ್ಷಿತ ಸೈಟುಗಳಿಗೆ ಗುರುತಿನ ಚೀಟಿಯಂತಿರುವ ಸರ್ಟಿಫಿಕೇಟಿನಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಬರೆದಿರುತ್ತದೆ. ಕಂಪ್ಯೂಟರಿನ ಲೆಕ್ಕದಲ್ಲಿ ಆ ದಿನ ಇನ್ನೂ ಬಂದೇ ಇಲ್ಲ!

ಒಂದೇ ಸೈಟಿನಲ್ಲಿ, ಎಲ್ಲರಿಗೂ ಈ ಎಚ್ಚರಿಕೆ ಬಂದರೆ ಆ ಸೈಟಿನ ಸರ್ಟಿಫಿಕೇಟ್ ಮುಗಿದಿರಬಹುದು. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಪುಕ್ಕಟೆ ಕೊಡುವ ಸರ್ಟಿಫಿಕೇಟಿನ ಆಯಸ್ಸು ಹೆಚ್ಚೆಂದರೆ 90 ದಿನ. ತಾನಾಗಿ ನವೀಕರಣ ಆಗುವ ವ್ಯವಸ್ಥೆ ನಿಂತಿದ್ದರೆ ಅದು ಸದ್ದಿಲ್ಲದೆ ಮುಗಿಯುತ್ತದೆ.

ಡೆವಲಪರ್‌ಗಳಿಗೆ ಒಂದು ಮಾತು. ಲೊಕೇಶನ್, ಕ್ಯಾಮೆರಾ ಬಳಸಲು ಸುರಕ್ಷಿತ ಸಂಪರ್ಕ ಬೇಕು. ಲೋಕಲ್‌ಹೋಸ್ಟ್, ಅಂದರೆ ನಿಮ್ಮದೇ ಯಂತ್ರ, ಇದಕ್ಕೆ ಹೊರತು. ಆದ್ದರಿಂದ ಲ್ಯಾಪ್‌ಟಾಪಿನಲ್ಲಿ ನಡೆದ ಮ್ಯಾಪು, ಅದೇ ವೈಫೈಯಲ್ಲಿರುವ ಫೋನಿನಿಂದ 192.168ರಲ್ಲಿ ಶುರುವಾಗುವ ವಿಳಾಸಕ್ಕೆ ಹೋದರೆ ನಡೆಯುವುದಿಲ್ಲ.

ಡಿಸೆಂಬರ್ 5 ಮೇ 12 ಆಗುವ ಕಥೆ

ಎಲ್ಲ ಬ್ರೌಸರುಗಳೂ ಒಂದೇ ಎಂಜಿನ್ ಮೇಲೆ ಓಡುವುದಿಲ್ಲ. ಕ್ರೋಮ್, ಎಡ್ಜ್‌ಗಳದ್ದು ಬ್ಲಿಂಕ್. ಫೈರ್‌ಫಾಕ್ಸ್‌ನದ್ದು ಗೆಕ್ಕೊ. ಸಫಾರಿಯದ್ದು ವೆಬ್‌ಕಿಟ್. ನಮ್ಮಲ್ಲಿ ಐಫೋನಿನ ಕ್ರೋಮ್ ಕೂಡ ಒಳಗೆ ವೆಬ್‌ಕಿಟ್ಟೇ. ಹಾಗಾಗಿ ಕಂಪ್ಯೂಟರಿನ ಕ್ರೋಮ್‌ನಲ್ಲಿ ಸರಿ ಇದ್ದ ಮಾತ್ರಕ್ಕೆ ಐಫೋನಿನಲ್ಲೂ ಸರಿ ಇರುತ್ತದೆ ಎನ್ನಲಾಗದು.

ಹೋಂಸ್ಟೇ ಪೇಜುಗಳಲ್ಲಿ ನಾನು ಹೆಚ್ಚು ಕಂಡ ತೊಂದರೆ ತಾರೀಕಿನದ್ದು. ನಾವು 05/12/2025 ಎಂದು ಬರೆದರೆ ಡಿಸೆಂಬರ್ 5. ಜಾವಾಸ್ಕ್ರಿಪ್ಟ್ ಅದನ್ನು ಅಮೆರಿಕದವರ ಹಾಗೆ ತಿಂಗಳು ಮೊದಲು ಎಂದು ಓದುತ್ತದೆ. ಮೇ 12 ಆಯಿತು. ದಿನ 12ರ ಒಳಗಿದ್ದರೆ ಯಾವ ದೋಷವೂ ಕಾಣದೆ ತಪ್ಪು ತಿಂಗಳಿಗೆ ಬುಕಿಂಗ್ ಆಗುತ್ತದೆ. 12 ದಾಟಿದರೆ ಇನ್‌ವ್ಯಾಲಿಡ್ ಡೇಟ್ ಎನ್ನುತ್ತದೆ. ತಿಂಗಳ ಮೊದಲ ಭಾಗದಲ್ಲಿ ಒಂದು ತೊಂದರೆ, ಕೊನೆಯಲ್ಲಿ ಇನ್ನೊಂದು ಎಂದು ದೂರು ಬಂದರೆ ಕಾರಣ ಇದೇ ಇರಬಹುದು. ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ 2025-12-05 ಎಂದು ಕಳಿಸಿದರೆ ಗೊಂದಲವಿಲ್ಲ.

ಬುಕಿಂಗ್ ಒಂದು ದಿನ ಹಿಂದಕ್ಕೆ ಜಾರುತ್ತಿದೆಯೇ? ಭಾರತದ ಸಮಯ ಜಾಗತಿಕ ಸಮಯಕ್ಕಿಂತ 5 ಗಂಟೆ 30 ನಿಮಿಷ ಮುಂದಿದೆ. ನಮ್ಮ ನಡುರಾತ್ರಿ 12 ಗಂಟೆ ಅಲ್ಲಿ ಹಿಂದಿನ ದಿನದ ಸಂಜೆ 6.30. ಕೋಡ್ ಆ ಸಮಯಕ್ಕೆ ಬದಲಾಯಿಸಿ ಉಳಿಸಿದರೆ ಒಂದು ದಿನ ಕಳೆದುಹೋಗುತ್ತದೆ.

ಕನ್ನಡ ಅಕ್ಷರ ಚೆಲ್ಲಾಪಿಲ್ಲಿಯಾದರೆ

"ಕೊಡಗು" ಎಂದರೆ ನಮಗೆ ಮೂರು ಅಕ್ಷರ. ಎಲ್ಲ ಲಿಪಿಗಳ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಯುನಿಕೋಡ್ ಲೆಕ್ಕದಲ್ಲಿ ಐದು: ಕ, ಒತ್ವದ ಚಿಹ್ನೆ, ಡ, ಗ, ಉತ್ವದ ಚಿಹ್ನೆ. ಯುಟಿಎಫ್-8 ಎಂಬ ಕ್ರಮದಲ್ಲಿ ಒಂದೊಂದಕ್ಕೂ 3 ಬೈಟ್, ಒಟ್ಟು 15. ಪೇಜ್ ತಾನು ಯುಟಿಎಫ್-8 ಎಂದು ಹೇಳದಿದ್ದರೆ ಬ್ರೌಸರ್ ಆ 15 ಬೈಟನ್ನು 15 ಯುರೋಪಿನ ಅಕ್ಷರ ಎಂದು ತಪ್ಪಾಗಿ ಓದಬಹುದು. ಪರದೆ ತುಂಬ ತಲೆಬುಡವಿಲ್ಲದ ಗುರುತುಗಳು. ಪೇಜಿನ ಆರಂಭದಲ್ಲಿ ಒಂದು ಸಾಲು ಸೇರಿಸಿದರೆ ಸರಿಹೋಗುತ್ತದೆ. ಡೇಟಾಬೇಸಿನಲ್ಲಿ ಜಾಗವನ್ನು ಬೈಟಿನಲ್ಲಿ ಅಳೆಯುತ್ತಿದ್ದರೆ ಕನ್ನಡದ ಹೆಸರು ಅರ್ಧಕ್ಕೇ ತುಂಡಾಗುವುದೂ ಇದೇ ಕಾರಣಕ್ಕೆ.

ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ನೇರವಾಗಿ ಅಂಟಿಸಿದರೆ ಕತೆ ಬೇರೆ. ಅದರ ಒಳಗೆ ಇರುವುದು ಇಂಗ್ಲಿಷ್ ಲಿಪಿಯ ಸಂಕೇತಗಳೇ, ಫಾಂಟ್ ಮಾತ್ರ ಕನ್ನಡದ ರೂಪ ಕೊಟ್ಟಿತ್ತು. ಅದನ್ನು ಮೊದಲು ಯುನಿಕೋಡಿಗೆ ಪರಿವರ್ತಿಸಲೇಬೇಕು.

ಟೂಲುಗಳೇ ಮುನಿಸಿಕೊಂಡಾಗ

ಕೋಡ್ ಬರೆಯುವವರಿಗಷ್ಟೇ ಇದು. "ಪೋರ್ಟ್ ಬಳಕೆಯಲ್ಲಿದೆ" ಎಂದು ಬಂದರೆ ಹೆಚ್ಚಾಗಿ ನಿಮ್ಮದೇ ಹಳೆಯ ಸರ್ವರ್ ಹಿಂದೆ ಇನ್ನೂ ಓಡುತ್ತಿರುತ್ತದೆ, ಅದನ್ನು ನಿಲ್ಲಿಸಿ. ಗೆಳೆಯನ ಯಂತ್ರದಲ್ಲಿ ಓಡುವುದು ನಿಮ್ಮಲ್ಲಿ ಓಡದಿದ್ದರೆ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಎಂಬ ತಂತ್ರಾಂಶದ ಆವೃತ್ತಿ ಇಬ್ಬರಲ್ಲೂ ಒಂದೆಯೇ ಎಂದು ಹೋಲಿಸಿ. ಲಾಕ್ ಫೈಲನ್ನು ಅಳಿಸಬೇಡಿ. ಯಾವ ಪ್ಯಾಕೇಜಿನ ಯಾವ ಆವೃತ್ತಿ ಎಂದು ಬರೆದಿಟ್ಟಿರುವುದು ಅದೇ. ಲ್ಯಾಪ್‌ಟಾಪಿನಲ್ಲಿ ಕಂಡ ಚಿತ್ರ ಸರ್ವರಿಗೆ ಹೋದ ಮೇಲೆ 404 ಆದರೆ ಹೆಸರಿನಲ್ಲಿರುವ ಇಂಗ್ಲಿಷ್ ದೊಡ್ಡಕ್ಷರ, ಸಣ್ಣಕ್ಷರ ನೋಡಿ. ವಿಂಡೋಸ್ ಎರಡನ್ನೂ ಒಂದೇ ಎನ್ನುತ್ತದೆ, ಲಿನಕ್ಸ್ ಬೇರೆ ಬೇರೆ ಎನ್ನುತ್ತದೆ.

ಹೋದ ತಿಂಗಳು ಸರಿ ಇತ್ತು, ಈಗ ಇಲ್ಲ, ನಡುವೆ 1,000 ಬದಲಾವಣೆ ಆಗಿವೆ ಎಂದಾದರೆ ಮತ್ತೆ ಪೈಪಿನ ಉಪಾಯವೇ. ಸರಿಯಾಗಿ ನಡುವಿನ ಬದಲಾವಣೆಗೆ ಹೋಗಿ ನೋಡಿ. ಅಲ್ಲಿ ಸರಿ ಇದ್ದರೆ ತಪ್ಪು ಆಮೇಲಿನ ಅರ್ಧದಲ್ಲಿದೆ. ಆ ಅರ್ಧದ ನಡುವಿಗೆ ಹೋಗಿ. 1,000 ಬದಲಾವಣೆಯಲ್ಲಿ ತಪ್ಪಿದ್ದು ಯಾವುದು ಎಂದು ಸುಮಾರು 10 ಸಲ ನೋಡುವಷ್ಟರಲ್ಲಿ ಸಿಗುತ್ತದೆ. ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ ಇದನ್ನು ಮಾಡಿಕೊಡುವ ಆಜ್ಞೆಯ ಹೆಸರು ಬೈಸೆಕ್ಟ್. ಒಮ್ಮೆಗೆ ಒಂದನ್ನೇ ಬದಲಾಯಿಸಿ, ನೋಡಿ, ಆಮೇಲೆ ಮುಂದಿನದು.

ದೂರು ಹೇಳುವಾಗ

"ಸೈಟ್ ಕೆಲಸ ಮಾಡ್ತಿಲ್ಲ" ಎಂಬ ಮೆಸೇಜಿನಿಂದ ಏನೂ ತಿಳಿಯದು. ಯಾವ ಫೋನು, ಯಾವ ಬ್ರೌಸರ್, ಎಷ್ಟು ಗಂಟೆಗೆ, ಏನು ಒತ್ತಿದಿರಿ, ಏನಾಗಬೇಕಿತ್ತು, ಏನಾಯಿತು, ಇಷ್ಟು ಬರೆದು ಒಂದು ಸ್ಕ್ರೀನ್‌ಶಾಟ್ ಹಾಕಿ. ಗಂಟೆ ಬರೆದರೆ ಸರ್ವರಿನ ದಾಖಲೆಯಲ್ಲಿ ಆ ಸಮಯದ ಸಾಲುಗಳನ್ನು ಹುಡುಕಬಹುದು.

ಮೊನ್ನೆ ಕಕ್ಕಬ್ಬೆಯ ಅಕ್ಕನಿಂದ ಇನ್ನೊಂದು ಮೆಸೇಜ್ ಬಂತು. "ಗೆಸ್ಟ್‌ದು ಹಳೇ ಐಫೋನ್. ಸಂಜೆ 7 ಗಂಟೆ. 20ನೇ ತಾರೀಕು ಆರಿಸಿ ಬುಕ್ ಒತ್ತಿದ್ರೆ ಏನೂ ಆಗಲ್ಲ ಅಂತೆ. ನನ್ನ ಲ್ಯಾಪ್‌ಟಾಪಲ್ಲಿ ಆಗ್ತಿದೆ." ಲ್ಯಾಪ್‌ಟಾಪ್ ತೆರೆಯುವ ಮೊದಲೇ ತಾರೀಕಿನ ಕೋಡನ್ನೇ ನೋಡಬೇಕು ಎಂದು ಗೊತ್ತಾಯಿತು. ತಾರೀಕು ಮತ್ತು ಗಂಟೆಯ ನಡುವೆ ಬರೀ ಖಾಲಿ ಜಾಗ ಬಿಟ್ಟು ಬರೆದಿದ್ದೆ. ಕ್ರೋಮ್ ಅದನ್ನು ಒಪ್ಪಿಕೊಳ್ಳುತ್ತದೆ, ಹಳೆಯ ಸಫಾರಿ ಒಪ್ಪುವುದಿಲ್ಲ. ಆ ಖಾಲಿ ಜಾಗದಲ್ಲಿ ಇಂಗ್ಲಿಷಿನ ಟಿ ಎಂಬ ಒಂದು ಅಕ್ಷರ ಹಾಕಿದೆ. 7.20ಕ್ಕೆ ಬುಕಿಂಗ್ ಬಂತು.